ಚಿಕ್ಕಪ್ಪನ ‘ಮಂಬಲ್’ ಪುರಾಣ

ನಮ್ಮ ಚಿಕ್ಕಪ್ಪನ ಎದುರು ಬಾಯಿ ತೆರೆಯಲು ಕೊಳ್ಳೇಗಾಲದ ಜನ ಹಿಂದೆ ಮುಂದೆ ನೋಡುತ್ತಿದ್ದರು. ನೀವು ಏನು ಹೇಳಿದಿರೋ ಅದು ಅವನಿಗೆ ಬೇಡ. ಹೇಗೆ ಹೇಳಿದಿರಿ ಎಂಬುದಕ್ಕೆ ಇಂಗ್ಲಿಷಿನ ಒಂದು ಹೆಸರು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು!

ಆಗ ನಮ್ಮೂರು ಮದರಾಸಿಗೆ ಸೇರಿತ್ತು. ತಾಲ್ಲೂಕು ಕಚೇರಿ ಎದುರಿನ ಹುಣಸೆ ಮರದಡಿ ಕೂತು ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು ಅವನ ಕಸುಬು. ಕೂತು ಅಂದೆನೇ? ತಪ್ಪಾಯಿತು! ಎರಡು ಸಾಲು ಬರೆಯುವುದು, ಎದ್ದು ಮರ ಸುತ್ತುವುದು, ಮತ್ತೆರಡು ಸಾಲು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು.

ಅಪ್ಪ ಗೊಣಗಿದರೆ ‘ಮಂಬಲ್’. ಅವ್ವ ಪಕ್ಕದ ಮನೆಯವಳ ಕಿವಿಯಲ್ಲಿ ಪಿಸುಗುಟ್ಟಿದರೆ ‘ವಿಸ್ಪರ್’. ಅಜ್ಜಿಯ ವಟವಟಕ್ಕೆ ‘ಚಾಟರ್’ ಅಂದಾಗ ಆಕೆ ಮಗನ ಮೇಲೆ ಒನಕೆ ಎತ್ತಿದಳು. “ಎತ್ತವ್ವಂಗೇ ಚಾಟಿ ಅಂತೀಯೇನ್ಲಾ?”

ಮಧುವನಹಳ್ಳಿಯ ರೈತನೊಬ್ಬ ಸಿಟ್ಟಿನಿಂದ ಬಂದ. “ಸಾ, ಅರ್ಜಿ ವಾಪಸ್ ಬಂತು! ವಲಕ್ಕೆ ದಾರಿ ಕೇಳಿ ಅಂದ್ರೆ, ನಾನು ಎಂಗೆ ಮಾತಾಡ್ದೆ ಅಂತ ಬರ್ದಿದ್ದೀರಂತಲ್ಲ!”

“ಈಗ ನೀನು ಮಾಡ್ತಿರೋದು ‘ಗ್ರಂಬಲ್’ ಕಣಯ್ಯ,” ಅಂದ ಚಿಕ್ಕಪ್ಪ. ಆಮೇಲೆ ಪಾಪ ಅನ್ನಿಸಿ ಹೊಸ ಅರ್ಜಿ ಬರೆದುಕೊಟ್ಟ.

ಹಕಾರದ ಹುಚ್ಚು ಬೇರೆ. ‘ಓಯ್ತೀನಿ’ ಅಂದವರನ್ನು ತಡೆದು ನಿಲ್ಲಿಸಿ, “ಮೊದಲು ‘ಹೋಗ್ತೀನಿ’ ಅನ್ನು, ಆಮೇಲೆ ಹೋಗು” ಅನ್ನುತ್ತಿದ್ದ.

ಊರಿಗೆಲ್ಲ ಹೆಸರಿಟ್ಟವನು ನನ್ನ ಮಾತಿಗೆ ಮಾತ್ರ ಇಡಲಿಲ್ಲ. ನನಗೆ ಉಗ್ಗು. “ನಂ... ನಂದುಕ್ಕೆ ಏನಂತಾರೆ ಚಿಕ್ಕಪ್ಪ?” ಅಂದರೆ, “ಹುಡುಕ್ತಾ ಇದೀನಿ ಕಣವ್ವ” ಅಂತ ಎದ್ದು ಅಂಗಳ ಸುತ್ತಲು ಶುರು!

ಉಗ್ಗಿನಿಂದಾಗಿ ಹನೂರಿನ ಸಂಬಂಧ ತಪ್ಪಿತು, ಅಜ್ಜೀಪುರದ್ದೂ ತಪ್ಪಿತು. ಮೂರನೆಯದು ಯಳಂದೂರಿನಿಂದ, ಮೈಸೂರು ಮಹಾರಾಜರ ಸೀಮೆಯಿಂದ ಬಂತು. ಇದೂ ತಪ್ಪಿದರೆ ಗತಿಯೇನು ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ತಮ್ಮನಿಗೇ ಕೈ ಮುಗಿದ. “ಇವತ್ತೊಂದಿನ ನಿನ್ ಇಂಗ್ಲೀಸ್ನ ಮಡಿಚಿ ಮಡಗಪ್ಪ.”

ಗಂಡಿನ ತಾಯಿ ನನ್ನ ಹೆಸರು ಕೇಳಿದರು. ಚಿಕ್ಕತಾಯಮ್ಮ ಅನ್ನಬೇಕು. “ಚಿ... ಚಿ... ಚಿ...” ಅಲ್ಲೇ ಸಿಕ್ಕಿಕೊಂಡೆ.

“ಇದೇನವ್ವ, ಮನೆಗ್ ಬಂದೋರ್ಗೇ ಛೀ ಅಂತದೆ ಮಗಾ!” ಆಕೆ ಎದ್ದೇಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ನಡುಮನೆಯಲ್ಲಿ ಶತಪಥ ತುಳಿಯುತ್ತಿದ್ದ ಚಿಕ್ಕಪ್ಪ ಗಕ್ಕನೆ ನಿಂತ. “ಚಿ... ಚಿ... ಚಿಕ್ಕತಾಯಮ್ಮ ಅಂತ ಹೆಸರು. ನ... ನಮ್ಮ ಮನೇಲಿ ಎ... ಎಲ್ರೂ ಹಿಂಗೇ ತಾಯಿ. ಮಾ... ಮಾತು ನಿಧಾನ.”

ಅಪ್ಪ ಬಿಟ್ಟ ಬಾಯಿ ಮುಚ್ಚಲಿಲ್ಲ. ಗಂಡು ನಕ್ಕು ತಾಯಿಯ ಕೈ ಹಿಡಿದು ಕೂರಿಸಿದ. “ಕೂತ್ಕೊ ಅವ್ವ. ಎಲ್ಲಾರ್ ಪಾಲಿನ್ ಮಾತೂ ನೀನೇ ಆಡ್ತೀಯಲ್ಲ!” ಆಕೆಗೂ ನಗು ಬಂತು. ಅವತ್ತೇ ಎಲೆ ಅಡಿಕೆ ಬದಲಾಯಿತು.

ಅಲ್ಲಿಂದ ಬೀಗರ ಮುಂದೆ ಚಿಕ್ಕಪ್ಪ ಉಗ್ಗಿದ್ದೇ ಉಗ್ಗಿದ್ದು! ಅಂಥ ಮಾತಿನ ಮಲ್ಲ, ಮದುವೆಯೂಟದಲ್ಲಿ ಒಂದು ಲೋಟ ನೀರು ಕೇಳುವಷ್ಟರಲ್ಲಿ ಬಡಿಸುವವರು ಪಾಯಸಕ್ಕೆ ಬಂದಿದ್ದರು. ಜನ ನಕ್ಕರು. ಅವನು ನಗಿಸಿಕೊಂಡ, ನನಗಾಗಿ.

ನನ್ನನ್ನು ಕಳಿಸುವ ದಿನ ಬೀಗರೆಲ್ಲ ಮುಂದಿನ ಗಾಡಿಗಳಲ್ಲಿ ಹೊರಟಿದ್ದರು. ನನ್ನವರು ಅಪ್ಪನ ಕಾಲಿಗೆ ಬೀಳಲು ಒಳಗೆ ಹೋಗಿದ್ದರು. ಗಾಡಿಯ ಬಳಿ ಚಿಕ್ಕಪ್ಪನೊಬ್ಬನೇ.

“ಉ... ಉಗ್ಗಿದ್ದು ಸಾಕು ಬುಡು ಚಿಕ್ಕಪ್ಪ. ಇಲ್ಲಿ ಯಾರೂ ಇಲ್ಲ,” ಅಂದೆ.

ಅವನು ಗಾಡಿಯನ್ನು ಒಂದು ಸುತ್ತು ಸುತ್ತಿದ, ಇನ್ನೊಂದು ಸುತ್ತು ಸುತ್ತಿದ. ಬಂದು ನನ್ನ ತಲೆಯ ಮೇಲೆ ಕೈಯಿಟ್ಟ.

“ಓ... ಓ... ಓಗಿ ಬಾ ಕಣವ್ವ.”