ಸೊಸೆಯ ಬಿಪಿ, ಹರಿಹರದ ವಾಚು

ದಾವಣಗೆರೆಯ ಒಂದು ಹೃದಯದ ಆಸ್ಪತ್ರೆಯಲ್ಲಿ ನಾನು ನರ್ಸು. ರೋಗಿಗಳು ಮನೆಯಲ್ಲೇ ಬಿಪಿ ನೋಡಿಕೊಂಡು ಮೊಬೈಲಿನಲ್ಲಿ ಕಳಿಸುತ್ತಾರೆ. ಅದನ್ನು ನೋಡಿ, ಬೇಕಾದರೆ ಫೋನ್ ಮಾಡುವುದು ನನ್ನ ಕೆಲಸ. ಈ ಕುರ್ಚಿಯಲ್ಲಿ ಕೂತ ಮೇಲೆ ನಗದೆ ಮನೆಗೆ ಹೋದ ದಿನ ಕಡಿಮೆ.

೧. ಒಳ್ಳೆ ಬಿಪಿ

ಮಂಡಿಪೇಟೆಯ ವ್ಯಾಪಾರಿಯೊಬ್ಬರ ಬಿಪಿ ಒಂದೇ ವಾರದಲ್ಲಿ ಇಳಿದು ನೂರಿಪ್ಪತ್ತು, ಎಂಬತ್ತಕ್ಕೆ ಬಂದು ನಿಂತಿತು. ಮಾತ್ರೆ ಕಡಿಮೆ ಮಾಡೋಣವೇ ಎಂದರು ಡಾಕ್ಟರು. ನನಗೇಕೋ ಅನುಮಾನ. ಅವರ ಹೆಂಡತಿಗೆ ಫೋನ್ ಮಾಡಿದೆ.

"ಅಮ್ಮಾ, ಬಿಪಿ ಮಿಷನ್ನಿನ ಪಟ್ಟಿ ಯಾವ ಕೈಗೆ ಕಟ್ತೀರಿ?"

"ಸೊಸಿ ಕೈಗ್ರಿ."

"ಯಾಕ್ರಿ?"

"ಇವರದು ಬಾಳ ಜಾಸ್ತಿ ತೋರಸ್ತಿತ್ತು. ದಿನಾ ನೋಡಿ ನಿಮಗೂ ಬ್ಯಾಸರ ಆಗ್ತೈತಲ್ಲ, ಅದಕ್ಕ."

೨. ಎಂಟು ಗಂಟೆಯ ಹುಡುಗಿ

ಮಾತ್ರೆ ನೆನಪಿಸಲು ದಿನಾ ಬೆಳಿಗ್ಗೆ ಎಂಟಕ್ಕೆ ನಮ್ಮ ಕಂಪ್ಯೂಟರಿನಿಂದ ರೋಗಿಗಳಿಗೆ ಕರೆ ಹೋಗುತ್ತದೆ. ರೆಕಾರ್ಡ್ ಮಾಡಿಟ್ಟ ಹೆಣ್ಣು ದನಿ. ಒಮ್ಮೆ ಕಂಪ್ಯೂಟರ್ ಕೆಟ್ಟು ಮೂರು ದಿನ ಕರೆ ಹೋಗಲಿಲ್ಲ. ನಾಲ್ಕನೇ ದಿನ ಕೊಂಡಜ್ಜಿ ಹಳ್ಳಿಯ ಅಜ್ಜರೊಬ್ಬರು ಬಸ್ ಹತ್ತಿ ಬಂದೇಬಿಟ್ಟರು.

"ಮಾತ್ರೆ ಬಿಟ್ಟಿರೇನಜ್ಜಾ?"

"ಇಲ್ಲವ್ವ, ಅದು ರೂಢಿ ಆಗೈತೆ. ಆ ಹುಡುಗಿ ಮೂರು ದಿನದಿಂದ ಫೋನೇ ಮಾಡಿಲ್ಲ. ಆರಾಮ ಐತೇನು ಕೇಳ್ಕೊಂಡು ಹೋಗಾಣಂತ ಬಂದೆ."

ಅದು ಕಂಪ್ಯೂಟರ್ ಎನ್ನಲು ನನಗೆ ಬಾಯಿ ಬರಲಿಲ್ಲ. "ಜ್ವರ ಬಂದಿತ್ತಜ್ಜಾ, ಈಗ ಪರವಾಗಿಲ್ಲ" ಎಂದೆ.

"ಹೊತ್ತಿಗೆ ಸರಿಯಾಗಿ ಮಾತ್ರೆ ತಗಣಾಕ ಹೇಳವ್ವ" ಎಂದರು ಅಜ್ಜ.

೩. ಹರಿಹರದ ವಾಚು

ಹರಿಹರದ ನಿವೃತ್ತ ಮೇಷ್ಟ್ರೊಬ್ಬರಿಗೆ ಮಗಳು ನಾಡಿಬಡಿತ ತೋರಿಸುವ ವಾಚು ಕೊಡಿಸಿದ್ದಳು. ಒಂದು ಬೆಳಿಗ್ಗೆ ಸುಮ್ಮನೆ ಕೂತಿದ್ದಾಗಲೇ ಅದು ನೂರೈವತ್ತು ತೋರಿಸಿತು. ಮೇಷ್ಟ್ರಿಗೆ ಕೊಂಚ ಸುಸ್ತಿತ್ತು, ಅಷ್ಟೇ. ವಾಚೇ ಕೆಟ್ಟಿದೆ ಎಂದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿ ಮಾಡುವ ಸಾಬರ ಅಂಗಡಿಗೆ ಹೋದರು.

ಸಾಬರು ಅದನ್ನು ತಮ್ಮ ಕೈಗೆ ಕಟ್ಟಿ ನೋಡಿದರು. ಎಪ್ಪತ್ತೆರಡು. ಮೇಷ್ಟ್ರ ಕೈಗೆ ಕಟ್ಟಿದರು. ನೂರೈವತ್ತು. ಮತ್ತೆ ತಮ್ಮ ಕೈಗೆ, ಮತ್ತೆ ಎಪ್ಪತ್ತೆರಡು.

"ಮೇಷ್ಟ್ರೇ, ವಾಚ್ ಚಲೋ ಐತ್ರಿ. ರಿಪೇರಿ ನಿಮಗ ಬೇಕು."

ಅಂಗಡಿ ಬಾಗಿಲು ಎಳೆದು, ತಾವೇ ಆಟೋ ಮಾಡಿಕೊಂಡು ಮೇಷ್ಟ್ರನ್ನು ನಮ್ಮಲ್ಲಿಗೆ ಕರೆತಂದರು. ಹೃದಯದ ಬಡಿತ ಲಯ ತಪ್ಪಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಸಂಜೆ ಹೊತ್ತಿಗೆ ಔಷಧಿ ಹಿಡಿದು, ಮೇಷ್ಟ್ರು ಎದ್ದು ಕೂತು ಕಾಫಿ ಕೇಳಿದರು. ನಾನು ಕೇಸ್ ಶೀಟ್ ತುಂಬುತ್ತಾ, "ನಿಮ್ಮನ್ನ ಇಲ್ಲಿಗೆ ಕಳಿಸಿದ ಡಾಕ್ಟರ್ ಯಾರು ಸರ್?" ಎಂದು ಕೇಳಿದೆ.

ಮೇಷ್ಟ್ರು ಬೆಳಗಿನಿಂದ ಬಾಗಿಲ ಬಳಿಯೇ ಕೂತಿದ್ದ ಸಾಬರ ಕಡೆ ಕೈ ತೋರಿಸಿದರು.

ಸಾಬರು ಸಂಕೋಚದಿಂದ ಎದ್ದು ನಿಂತರು.

"ನಾ ಡಾಕ್ಟರ್ ಅಲ್ರಿ ಸಿಸ್ಟರ್. ನಂದು ಬರೇ ವಾಚಿನ ಪ್ರಾಕ್ಟೀಸು."