ಭಾವ ಅಂಟಿಸಿದ ನಕ್ಷತ್ರಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ನಮ್ಮ ಭಾವನನ್ನು ಹೊರಗೆ ಹಾಕದ ಹೋಟೆಲ್ ಅಡುಗೆಮನೆ ಯಾವುದಾದರೂ ಇದ್ದರೆ, ಅದಕ್ಕೆ ಇನ್ನೂ ಉದ್ಘಾಟನೆ ಆಗಿಲ್ಲ ಎಂದೇ ತಿಳಿಯಬೇಕು. ಅವನು ಕುಡುಕನಲ್ಲ, ಜಗಳಗಂಟನೂ ಅಲ್ಲ. ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಅವನ ತಪ್ಪು ಒಂದೇ. ಹೋಟೆಲಿಗೆ ಹೋದವರು ದೋಸೆ ಹೇಗಿದೆ ಎಂದು ನೋಡುತ್ತಾರೆ. ಭಾವ ದೋಸೆಯ ಕೆಳಗಿನ ಒಲೆ ಹೇಗಿದೆ ಎಂದು ನೋಡಲು ಎದ್ದು ಒಳಗೆ ಹೋಗುತ್ತಿದ್ದ.

ಅಕ್ಕನ ಗಂಡನಾದರೂ ನಮ್ಮಲ್ಲಿ ಏಕವಚನವೇ. ಅವನು ನನಗೆ ಭಾವ, ನಾನೂ ಅವನಿಗೆ ಭಾವ. ನಾವಿಬ್ಬರೂ ಫೋನಿನಲ್ಲಿ ಜಗಳವಾಡಿದರೆ, ಒಬ್ಬನೇ ಮನುಷ್ಯ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾನೆ ಎಂದು ಕೇಳಿದವರಿಗೆ ಅನ್ನಿಸಬೇಕು. ಶಿರಸಿಯಲ್ಲಿ ನನ್ನದೊಂದು ಸಣ್ಣ ಮುದ್ರಣದ ಅಂಗಡಿ ಇದೆ. ಮದುವೆ ಕಾಗದ, ಬಿಲ್ ಬುಕ್ಕು, ಉಪ್ಪಿನಕಾಯಿ ಬಾಟಲಿಯ ಚೀಟಿ ಇಂಥವು ನನ್ನ ಕೆಲಸ. ಭಾವನ ಕತೆಯಲ್ಲಿ ನಾನು ಸಿಕ್ಕಿಬಿದ್ದದ್ದು ಆ ಅಂಗಡಿಯ ದೆಸೆಯಿಂದ.

ಅವರ ಊರಿನ ಸಭಾಭವನಕ್ಕೆ ದೊಡ್ಡ ಗ್ಯಾಸ್ ಒಲೆ ಬೇಕಾಗಿತ್ತು. ತಿಳಿದವನು ಎಂದು ಭಾವನನ್ನು ಆರಿಸಲು ಕಳಿಸಿದರು. ಅಂಗಡಿಯಲ್ಲಿ ಫ್ರಿಜ್ಜಿಗೂ ಫ್ಯಾನಿಗೂ ನಕ್ಷತ್ರದ ಚೀಟಿ ಅಂಟಿತ್ತು. ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಕಡಿಮೆ ತಿನ್ನುತ್ತದೆ ಎಂದು ಅದರ ಅರ್ಥ. ಹೋಟೆಲಿನ ದೊಡ್ಡ ಒಲೆಗೆ, ಇಡ್ಲಿ ಬೇಯಿಸುವ ಬಾಯ್ಲರಿಗೆ ಮಾತ್ರ ಏನೂ ಇರಲಿಲ್ಲ. ಯಾಕೆ ಎಂದು ಭಾವ ಕೇಳಿದ.

"ಇಂಥ ಸಾಮಾನಿಗೆ ಕಡ್ಡಾಯ ಇಲ್ಲ ಸರ್. ಸ್ವಯಂಪ್ರೇರಿತ. ಮನಸ್ಸಿದ್ದ ಕಂಪನಿಯವರು ಹಾಕಬಹುದು," ಎಂದ ಅಂಗಡಿಯವ.

"ಯಾರು ಹಾಕಿದಾರೆ?"

"ನಮ್ಮ ಅಂಗಡಿಗೆ ಬಂದದ್ದರಲ್ಲಿ ಯಾರೂ ಹಾಕಿಲ್ಲ."

ಭಾವ ಒಲೆ ಕೊಳ್ಳಲಿಲ್ಲ. ನೇರವಾಗಿ ನನ್ನ ಅಂಗಡಿಗೆ ಬಂದ.

"ಭಾವ, ಸರ್ಕಾರದವ್ವು ಸ್ವಯಂಪ್ರೇರಿತ ಹೇಳಿ ಬಿಟ್ಟಿದ್ದ. ಪ್ರೇರಣೆ ಆದವ ಒಬ್ಬನೂ ಇಲ್ಲೆ."

"ಅದಕ್ಕೆ ಆನೆಂತ ಮಾಡವು?"

"ಯಂಗೆ ಪ್ರೇರಣೆ ಆಜು. ನೀ ಚೀಟಿ ಪ್ರಿಂಟ್ ಹಾಕು."

ತನಗೇ ಪ್ರೇರಣೆಯಾಗಿದೆ ಎಂದವನಿಗೆ ಇಲ್ಲ ಎನ್ನಲಾದೀತೇ, ಹಾಕಿದೆ. ಅಂಗೈ ಅಗಲದ ಚೀಟಿ, ಐದು ಖಾಲಿ ನಕ್ಷತ್ರ, ಎಷ್ಟು ಸಿಕ್ಕಿತೋ ಅಷ್ಟಕ್ಕೆ ಬಣ್ಣ, ಕೆಳಗೆ ಭಾವನ ಸಹಿ. "ಸರ್ಕಾರದ್ದರ ಹಾಂಗೆ ಕಾಣಲಾಗ, ಅದು ಮೋಸ ಆಗ್ತು," ಎಂದು ಮೂರು ಸಲ ನಮೂನೆ ಬದಲಿಸಿದ. ಅಷ್ಟು ನಿಯತ್ತಿನ ಮನುಷ್ಯ. ಆ ಚೀಟಿ ಒಬ್ಬನ ಸಾವಿನ ಕೇಸಿನಲ್ಲಿ ಹೊರಬೀಳುತ್ತದೆ ಎಂದು ಆಗ ನಮಗೆ ಯಾರು ಹೇಳಬೇಕಿತ್ತು?

ಅವನ ಪರೀಕ್ಷೆ ಸರಳ. ಸ್ಕೂಟರಿನ ಮೇಲೆ ಒಂದು ತೂಕದ ಯಂತ್ರ, ಉದ್ದನೆಯ ಥರ್ಮಾಮೀಟರ್, ಕೈಗಡಿಯಾರ. ಒಲೆಯ ಮೇಲೆ ಅಳೆದ ನೀರು ಇಡುವುದು, ಸಿಲಿಂಡರ್ ತೂಗುವುದು, ನೀರು ಕುದಿದ ಮೇಲೆ ಇನ್ನೊಮ್ಮೆ ತೂಗುವುದು. ಎಷ್ಟು ಗ್ಯಾಸು ಉರಿಯಿತು, ಅದರಲ್ಲಿ ನೀರಿಗೆ ಎಷ್ಟು ತಲುಪಿತು, ಗಾಳಿಗೆ ಎಷ್ಟು ಹೋಯಿತು ಎಂದು ಲೆಕ್ಕ. ಇದೆಲ್ಲ ಕಾಲೇಜಿನ ಪ್ರಯೋಗಶಾಲೆಯಲ್ಲಿ ಚೆನ್ನ. ಭಾವ ಇದನ್ನು ಶಿರಸಿಯ ಕಲ್ಯಾಣ ಮಂಟಪವೊಂದರಲ್ಲಿ, ಮದುವೆಯ ದಿನ, ಹನ್ನೊಂದೂವರೆಗೆ ಮಾಡಲು ಹೋದ. ಆರು ನೂರು ಜನರ ಸಾರು ಕುದಿಯುತ್ತಿದ್ದಾಗ ಒಲೆ ಆರಿತು. ಅಡುಗೆ ಭಟ್ಟರು ತಿರುಗಿ ನೋಡಿದರೆ, ರೇಷ್ಮೆ ಶಲ್ಯ ಹೊದ್ದ ಒಬ್ಬ ಮನುಷ್ಯ ಸಿಲಿಂಡರನ್ನು ಮಗುವಿನಂತೆ ಎತ್ತಿ ತೂಕದ ಯಂತ್ರದ ಮೇಲೆ ಕೂರಿಸುತ್ತಿದ್ದಾನೆ.

"ನಿಂಗ ಹೆಣ್ಣಿನ ಕಡೆಯವ್ವ, ಗಂಡಿನ ಕಡೆಯವ್ವ?" ಎಂದು ಭಟ್ಟರು ಸೌಟು ಹಿಡಿದೇ ಕೇಳಿದರು.

"ಒಲೆ ಕಡೆಯವ," ಎಂದ ಭಾವ.

ಅವತ್ತು ಅವನಿಗೆ ಊಟ ಸಿಗಲಿಲ್ಲ. ಸಾರಿನ ಒಲೆಗೆ ಎರಡು ನಕ್ಷತ್ರ ಸಿಕ್ಕಿತು. ಅಕ್ಕ ಒಂದು ವಾರ ಮಾತು ಬಿಟ್ಟಳು.

ಯಲ್ಲಾಪುರದ ಹೆದ್ದಾರಿ ಬದಿಯ ಖಾನಾವಳಿಯಲ್ಲಿ ಇನ್ನೊಂದು ಬಗೆಯ ಸೋಲು. ಅಲ್ಲಿನ ಒಲೆಯ ಉರಿ ಪಾತ್ರೆಯನ್ನು ಬಿಟ್ಟು ಗೋಡೆಯನ್ನೇ ಬೇಯಿಸುತ್ತಿತ್ತು. ಭಾವ ಒಂದೇ ನಕ್ಷತ್ರ ಕೊಟ್ಟ. ನಾಚಿಕೆಯಿಂದಲಾದರೂ ಒಲೆ ಬದಲಿಸುತ್ತಾರೆ ಎಂದು ಅವನ ನಂಬಿಕೆ. ಒಂದು ತಿಂಗಳು ಬಿಟ್ಟು ಹೋದರೆ ಆ ಚೀಟಿಗೆ ಕಟ್ಟು ಹಾಕಿಸಿ, ಮಾಲೆ ತೊಡಿಸಿ, ಗಲ್ಲೆಯ ಮೇಲೆ ತೂಗುಹಾಕಿದ್ದರು. ಹಾವೇರಿ ಕಡೆಯ ಮಾಲೀಕ ಎದ್ದು ನಿಂತು ಕೈ ಮುಗಿದ. "ಬರ್ರಿ ಸರ. ಮೂರು ತಾಲೂಕಿನಾಗ ನಮ್ದ ಒಂದನೇ ನಂಬರ್ ನೋಡ್ರಿ."

ಐದು ಬಂದರೆ ಒಳ್ಳೆಯದು, ಒಂದು ಬಂದರೆ ಕೆಟ್ಟದ್ದು ಎಂದು ಭಾವ ಅರ್ಧ ಗಂಟೆ ವಿವರಿಸಿದ. ಮಾಲೀಕ ಸಮಾಧಾನದಿಂದ ಕೇಳಿ ಕೊನೆಗೆ ಹೇಳಿದ, "ಸರ, ನೀವು ಮಾಸ್ತರ ಅದೀರಿ, ನೀವ ಹೇಳ್ರಿ. ಸಾಲ್ಯಾಗ ಒಂದನೇ ನಂಬರ್ ಬಂದಾಂವ ಶಾಣ್ಯಾನೋ, ಐದನೇ ನಂಬರ್ ಬಂದಾಂವ ಶಾಣ್ಯಾನೋ?"

ಮೂವತ್ತು ವರ್ಷ ಪಾಠ ಹೇಳಿದ ಭಾವ ಚಹಾ ಕುಡಿದು ಬಂದ.

ಎರಡು ವರ್ಷಗಳಲ್ಲಿ ಅವನು ಯಾರಿಗೂ ಐದು ಕೊಟ್ಟಿರಲಿಲ್ಲ. ಕೊಟ್ಟದ್ದು ಒಮ್ಮೆ, ಸಿದ್ದಾಪುರದ ಒಂದು ಹೋಟೆಲಿನ ಇಡ್ಲಿ ಬಾಯ್ಲರಿಗೆ. ಆ ದಿನ ನಾನೂ ಜೊತೆಗಿದ್ದೆ, ಅದೇ ಹೋಟೆಲಿಗೆ ಬಿಲ್ ಬುಕ್ಕು ಕೊಡುವುದಿತ್ತು. ಭಾವ ಒಳಗೆ ಪರೀಕ್ಷೆ ಮಾಡುತ್ತಿದ್ದ. ನಾನು ಹೊರಗೆ ತಿಂಡಿ ತಿನ್ನುತ್ತಿದ್ದೆ. ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದಾಗ ಭಾವನ ಮುಖ ನೋಡಬೇಕಿತ್ತು. ಮೊಮ್ಮಗ ಹುಟ್ಟಿದಾಗಲೂ ಅವನು ಹಾಗೆ ಅರಳಿರಲಿಲ್ಲ. "ಭಾವ, ಒಂದು ಚೂರು ಹಬೆ ದಂಡ ಆಗ್ತಿಲ್ಲೆ. ಒಂದು ಚೂರೂ ಇಲ್ಲೆ," ಎಂದ.

ಅಲ್ಲಿನ ಅಡುಗೆಯವನ ಹೆಸರು ಬಸಣ್ಣ. ಗುಡ್ನಾಪುರದ ಹತ್ತಿರದ ಊರಿನವ, ಐವತ್ತು ದಾಟಿದ ಮನುಷ್ಯ. ಹೋಟೆಲಿನಲ್ಲೇ ಉಳಿದು, ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೇಳಿದ, "ಇದು ಹಿಂಗ ಸುಮ್ಮನ ಇರೂದು ನನಗ ಸೇರಂಗಿಲ್ರಿ ಸರ. ಮೊದಲ ಆಗಾಗ ಉಸಿರು ಬಿಡತಿತ್ತು. ಈಗ ಬಾಯಿ ಮುಚ್ಚಕೊಂಡು ಕುಂತತಿ."

ಭಾವ ಅವನ ಬೆನ್ನು ತಟ್ಟಿದ. "ಉಸಿರು ಬಿಟ್ಟರೆ ಗ್ಯಾಸ್ ಹೋಗ್ತದೆ ಬಸಣ್ಣ. ಬಿಡದೇ ಇರೋದಕ್ಕೇ ಐದು ಕೊಡ್ತಾ ಇರೋದು."

ಬಸಣ್ಣ ನಕ್ಕ. ಕಲಿತವರು ಹೇಳಿದ್ದಾರೆ ಎಂದು ನಗುವ ನಗು ಅದು. ಆ ಚೀಟಿಗೆ ನಾನು ಚಿನ್ನದ ಬಣ್ಣ ಹಾಕಿ ಕಳಿಸಿದೆ.

ಮೂರು ತಿಂಗಳ ನಂತರ ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ಆ ಬಾಯ್ಲರ್ ಸಿಡಿಯಿತು. ಬಸಣ್ಣ ಇಡ್ಲಿಯ ತಟ್ಟೆ ತೆಗೆಯಲು ಪಕ್ಕದಲ್ಲೇ ನಿಂತಿದ್ದ. ಮುಖದಿಂದ ಸೊಂಟದವರೆಗೆ ಬೆಂದುಹೋದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಕೊಂಡ.

ಒಳಗೆ ಹಬೆ ಮಿತಿಮೀರಿದರೆ ತಾನೇ ತೆರೆದುಕೊಂಡು ಹೊರಗೆ ಬಿಡುವ ಒಂದು ಸಣ್ಣ ವಾಲ್ವ್ ಬಾಯ್ಲರಿಗೆ ಇರುತ್ತದೆ. ಅದು ಆಗಾಗ ಬುಸುಗುಟ್ಟುತ್ತದೆ, ಹಬೆ ದಂಡವಾಗುತ್ತದೆ ಎಂದು ಮಾಲೀಕ ಅದಕ್ಕೆ ತಂತಿ ಸುತ್ತಿ ಬಿಗಿಸಿದ್ದ. ಭಾವ ಪರೀಕ್ಷೆ ಮಾಡಿದ ದಿನವೂ ಆ ತಂತಿ ಅಲ್ಲೇ ಇತ್ತು. ಭಾವ ಸಿಲಿಂಡರ್ ನೋಡಿದ, ನೀರು ನೋಡಿದ, ಗಡಿಯಾರ ನೋಡಿದ. ಬಾಯ್ಲರಿನ ಹಿಂದೆ ಬಗ್ಗಿ ನೋಡಲಿಲ್ಲ.

ಪೊಲೀಸರು ಬಂದಾಗ ಮಾಲೀಕ ಚೂರಾಗಿ ಬಿದ್ದಿದ್ದ ತಗಡನ್ನು ತೋರಿಸಿದನಂತೆ. ಚಿನ್ನದ ಬಣ್ಣದ ಚೀಟಿ ಅದರ ಮೇಲೆ ಹಾಗೇ ಇತ್ತು. "ಪರೀಕ್ಷೆ ಮಾಡಿಯೇ ಐದು ಕೊಟ್ಟಿದ್ದಾರೆ ಸಾಹೇಬ್ರೇ." ಮರುದಿನ ಭಾವನನ್ನು ಠಾಣೆಗೆ ಕರೆದರು. ನಾನೂ ಹೋದೆ.

"ನೀವು ಯಾವ ಇಲಾಖೆಯವರು?" ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು.

"ಯಾವ ಇಲಾಖೆಯೂ ಅಲ್ಲ."

"ಕಂಪನಿಯವರಾ?"

"ಅಲ್ಲ."

"ಮತ್ತೆ ಈ ಕೆಲಸ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಸ್ವಯಂಪ್ರೇರಿತ."

ಅಲ್ಲಿದ್ದ ಪೇದೆಯೊಬ್ಬ ಬೇರೆ ಕಡೆ ತಿರುಗಿ ನಕ್ಕ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಕೇಸು ಮಾಲೀಕನ ಮೇಲಾಯಿತು. ಭಾವನದು ಸಾಕ್ಷಿ ಹೇಳಿಕೆ ಅಷ್ಟೇ, ಸಹಿ ಹಾಕಿ ಹೋಗಬಹುದು ಎಂದರು. ಭಾವ ಏಳಲಿಲ್ಲ. "ಬಾಯ್ಲರ್ ಉಸಿರು ಬಿಡ್ತಾ ಇಲ್ಲ ಅಂತ ಬಸಣ್ಣ ನನಗೆ ಹೇಳಿದ್ದ. ನಾನು ಬೆನ್ನು ತಟ್ಟಿದೆ. ಅದನ್ನೂ ಬರ್ಕೊಳ್ಳಿ," ಎಂದ. ಅದರಿಂದ ನಿಮಗೇ ತೊಂದರೆ ಎಂದು ಅವರು ಎರಡು ಸಲ ಹೇಳಿದರು. ಬರೆಯುವವರೆಗೂ ಭಾವ ಕುರ್ಚಿ ಬಿಡಲಿಲ್ಲ. ಚೀಟಿ ಮುದ್ರಿಸಿದವನು ನಾನು, ಬಸಣ್ಣನ ಆ ಮಾತು ಕೇಳಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವನೂ ನಾನು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಆಮೇಲೆ ಭಾವ ಒಂದು ಬ್ಲೇಡು ಹಿಡಿದು ಮೂರು ತಾಲೂಕು ಸುತ್ತಿದ. ಅಂಟಿಸಿದ ಚೀಟಿಗಳನ್ನೆಲ್ಲ ಕೆರೆದು ತೆಗೆದ. ಮೊದಲು ಹೊರಗೆ ಹಾಕುತ್ತಿದ್ದವರು ಈಗ ಅವನ ಮುಖ ನೋಡಿ ದಾರಿ ಬಿಟ್ಟರು. ಕೆರೆದ ಮೇಲೆ ಪ್ರತಿಯೊಂದು ಬಾಯ್ಲರಿನ ಹಿಂದೆ ನೆಲಕ್ಕೆ ಮಲಗಿ ವಾಲ್ವ್ ನೋಡುತ್ತಿದ್ದ. ಇನ್ನೆರಡು ಕಡೆ ಹಾಗೇ ಬಿಗಿದದ್ದು ಸಿಕ್ಕಿತು. ಒಂದು ಕಡೆ ಚಮಚ ಸಿಕ್ಕಿಸಿದ್ದರು. ತೆಗೆಯುವವರೆಗೂ ಬಾಯ್ಲರಿನ ಮುಂದಿನಿಂದ ಅಲುಗಾಡಲಿಲ್ಲ, ಗಿರಾಕಿಗಳು ಕಾದರು.

ಭಾವನ ಚಿಂತೆಯಲ್ಲಿ ಅಕ್ಕ ನನಗೆ ಫೋನ್ ಮಾಡಿದಳು. "ತಮಾ, ಕುಕ್ಕರ್ ಕೂಗಿರೆ ಎದ್ದು ಅಂಗಳಕ್ಕೆ ಹೋಗ್ತ. ಎಂತ ಮಾಡವು ಹೇಳೇ ತಿಳಿತಿಲ್ಲೆ."

ತಿಂಗಳ ಮೇಲೆ ಒಂದು ದಿನ ಭಾವನೇ ಬಂದು, "ಬಸಣ್ಣನ ಮನೆಗೆ ಹೋಗಿ ಬಪ್ಪನ. ಒಬ್ಬವಂಗೆ ಧೈರ್ಯ ಇಲ್ಲೆ," ಎಂದ. ಇಬ್ಬರೂ ಹೋದೆವು. ಬಸಣ್ಣನ ಹೆಂಡತಿ ನೀಲವ್ವ ಜಗುಲಿಗೆ ಚಾಪೆ ಹಾಸಿ ನೀರು ಕೊಟ್ಟಳು. ನಾವು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಭಾವ ನೀರು ಮುಟ್ಟದೆ ಹೇಳಿದ. ಚೀಟಿ ಅಂಟಿಸಿದವನು ತಾನು, ಬಸಣ್ಣ ಎಚ್ಚರಿಸಿದ್ದ, ತಾನು ಕೇಳಲಿಲ್ಲ. ಕೈ ಮುಗಿಯಲು ಹೋದವನು ಅದೂ ಸರಿಯಲ್ಲ ಅನ್ನಿಸಿತೋ ಏನೋ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

ನೀಲವ್ವ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಭಾವನಿಗೂ ಹಗುರಾಗುತ್ತಿತ್ತು.

"ಮನ್ಯಾಗೂ ಹೇಳಿದ್ರು," ಎಂದಳು. "ಅದು ಯಾಕೋ ಉಸಿರ ಬಿಡವಲ್ದು ಅಂತ. 'ಮಾಲಕರು ನೋಡ್ಕೋತಾರ, ನಿಮಗ್ಯಾಕ ಬೇಕು' ಅಂದಿದ್ದೆ ನಾನೂ."

ಆಮೇಲೆ ಅವಳು ತಲೆ ಎತ್ತಿ ಕೇಳಿದಳು, "ಅವತ್ತು ಅವ್ರು ಮತ್ತ ಏನರ ಮಾತಾಡಿದ್ರೇನ್ರಿ?"

ಭಾವ ಅಂಕಿಗಳ ಮನುಷ್ಯ. ನೀರು ಎಷ್ಟು ಹೊತ್ತಿಗೆ ಕುದಿಯಿತು ಎಂದು ಕೇಳಿದರೆ ಸೆಕೆಂಡಿನವರೆಗೆ ಹೇಳುತ್ತಿದ್ದ. ಮಾತು ನೆನಪಿಡುವ ಅಭ್ಯಾಸ ಅವನಿಗಿಲ್ಲ. ಕಣ್ಣು ಮುಚ್ಚಿ ಕೂತ. ಪರೀಕ್ಷೆಯ ಹೊತ್ತಿಗೆ ನಾನು ಹೊರಗೆ ತಿಂಡಿ ತಿನ್ನುತ್ತಿದ್ದವನು, ನನ್ನಿಂದ ಏನೂ ಸಹಾಯವಿರಲಿಲ್ಲ.

"ನೀರು ಕುದಿಯೋದನ್ನ ಕಾಯ್ತಾ ನಿಂತಿದ್ವಿ," ಎಂದು ಭಾವ ನಿಧಾನವಾಗಿ ಶುರುಮಾಡಿದ. "ನಾನು ಥರ್ಮಾಮೀಟರ್ ನೋಡ್ತಿದ್ದೆ. ಸುಮ್ಮನೆ ಮಾತಾಡಿ ಲೆಕ್ಕ ತಪ್ಪಿಸ್ತಾನಲ್ಲ ಅಂತ ಸ್ವಲ್ಪ ಸಿಟ್ಟೂ ಬಂದಿತ್ತು. ನಿಮ್ಮ ವಿಷಯ ಹೇಳ್ತಿದ್ದ. 'ನಮ್ಮನಿಯಾಕಿ ನಿದ್ದಿಯೊಳಗ ನಗತಾಳ್ರಿ' ಅಂದ. 'ಮದುವೆ ಆದ ವರ್ಷದಿಂದ ನೋಡಾಕತ್ತೀನಿ. ಯಾಕ ನಗತಿ ಅಂತ ಒಮ್ಮಿನೂ ಕೇಳಿಲ್ಲ, ಕೇಳಿದ್ರ ಎಲ್ಲಿ ನಿಂತ ಹೋಕ್ಕತೋ ಅಂತ.'"

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ನಗತೀನೇನ್ರಿ?" ಎಂದು ಕೇಳಿದಳು. ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ.

"ಹಾಗಂತ ಹೇಳಿದ," ಎಂದ ಭಾವ.

"ಇನ್ನೊಮ್ಮೆ ಹೇಳ್ರಿ."

ಭಾವ ಚಾಪೆಯ ಮೇಲೆ ಸ್ವಲ್ಪ ಮುಂದೆ ಸರಿದು ಕೂತು, ಮೊದಲಿನಿಂದ ಮತ್ತೆ ಹೇಳಿದ. ಒಂದು ಶಬ್ದವನ್ನೂ ಬಿಡಲಿಲ್ಲ.