ನಮ್ಮತ್ತೆ ಮತ್ತು ಊರವರ ಚಪ್ಪಲಿ

ನಮ್ಮತ್ತೆಗೆ ಯಾರ ಮುಖವೂ ನೆನಪಿರುವುದಿಲ್ಲ. ಆದರೆ ಒಮ್ಮೆ ನೋಡಿದ ಚಪ್ಪಲಿಯನ್ನು ಏಳು ಜನ್ಮಕ್ಕೂ ಮರೆಯುವುದಿಲ್ಲ! ಹೀಗೆಂದರೆ ನೀವು ನಗುತ್ತೀರಿ. ನಗಿ. ಅವರ ಜೊತೆ ಇಪ್ಪತ್ತೆರಡು ವರ್ಷ ಬಾಳಿದ ನನಗೆ ನಗಲು ಪುರುಸೊತ್ತೇ ಸಿಕ್ಕಿಲ್ಲ.

ಆ ಗುರುವಾರ ಬೆಳಿಗ್ಗೆ ಎಂದಿನಂತೆ ಹಾಲು ಉಕ್ಕಿತು, ಎಂದಿನಂತೆ ನಾನು ಕಟ್ಟೆ ಒರೆಸಿದೆ, ಎಂದಿನಂತೆ ನಮ್ಮವರು ಬಚ್ಚಲಿನಿಂದ "ಟಾವೆಲ್!" ಎಂದು ಕೂಗಿದರು. (ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವರದೇ ಟಾವೆಲ್ ಕಾರ್ಖಾನೆ ಇದೆ. ಸ್ನಾನಕ್ಕೆ ಹೋಗುವಾಗ ಒಂದು ದಿನವೂ ಟಾವೆಲ್ ಒಯ್ದವರಲ್ಲ.) ನಾನು ಎರಡು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ಹಾಕಿದೆ. ಏಳರ ಎಸ್ಟಿ ಬಸ್ಸಿಗೆ ಅತ್ತೆ ಅಕ್ಕಲಕೋಟಕ್ಕೆ ಹೊರಡಬೇಕು. ಅಲ್ಲಿ ಮಠದ ಹೊರಗೆ ಭಕ್ತರ ಚಪ್ಪಲಿ ಕಾಯುವುದು ಅವರ ಸೇವೆ. ಹದಿನೆಂಟು ವರ್ಷದಿಂದ, ಒಂದು ಗುರುವಾರವೂ ತಪ್ಪದೆ!

ಸೊಲ್ಲಾಪುರದಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ವ್ಯಾಪಾರಸ್ಥರ ಮನೆತನ ನಮ್ಮದು. ದೇವರ ಕೆಲಸಕ್ಕೆ ನಮ್ಮಲ್ಲಿ ಯಾರ ವಿರೋಧವೂ ಇಲ್ಲ. ಹೂ ಕಟ್ಟುವ ಸೇವೆ ಇದೆ, ರಂಗೋಲಿ ಸೇವೆ ಇದೆ, ಫೋಟೊ ಚೆನ್ನಾಗಿ ಬರುವ ಸೇವೆಗಳೇ ಎಷ್ಟಿವೆ!

"ಅವ್ವ, ಆರತಿ ತಾಟ ಹಿಡಿ. ಪ್ರಸಾದ ಬಡಸು. ಮಂದಿ ಚಪ್ಪಲ್ ಯಾಕ?" ಎಂದು ನಮ್ಮವರು ಅಂಗಲಾಚಿದ್ದುಂಟು.

"ಆರತಿ ತಾಟಿಗಿ ಪಾಳಿ ಹಚ್ಚ್ಯಾರಪ್ಪ. ಚಪ್ಪಲಿಗಿ ಯಾರೂ ಪಾಳಿ ಹಚ್ಚಿಲ್ಲ."

ನಮ್ಮವರು ಕಾರಿನ ಕೀಲಿ ತೆಗೆದುಕೊಂಡು ಕಾರ್ಖಾನೆಗೆ ಹೊರಟುಬಿಡುತ್ತಿದ್ದರು.

ಒಮ್ಮೆ ಪುಣೆಯ ದೊಡ್ಡ ವ್ಯಾಪಾರಿಯೊಬ್ಬರು ನಮ್ಮಲ್ಲಿ ಊಟಕ್ಕೆ ಬಂದರು. ಹಿಂದಿನ ದಿನ ಅಕ್ಕಲಕೋಟಕ್ಕೆ ಹೋಗಿದ್ದರಂತೆ. ಹೋಳಿಗೆ ಬಡಿಸಲು ಬಂದ ಅತ್ತೆ ಅವರ ಮುಖ ನೋಡಲಿಲ್ಲ. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ನೋಡಿ, "ನಿಮ್ಮದು ನಿನ್ನಿ ಐವತ್ತೇಳನೇ ಬಿಲ್ಲೆ ಅಲ್ಲೇನ್ರಿ? ಎಡಗಾಲಿನ ಉಂಗುಟ ಕಿತ್ತಿತ್ತು. ಇನ್ನೂ ಹೊಲಿಸಿಲ್ಲಲ್ಲ!" ಎಂದರು. ಆ ಮಹಾನುಭಾವರ ಕೈಯಲ್ಲಿ ಹೋಳಿಗೆ ಹಾಗೇ ನಿಂತಿತು. ನಮ್ಮವರು ತುಪ್ಪದ ಬಟ್ಟಲೊಳಗೇ ಮುಳುಗಿ ಹೋಗಲು ಜಾಗ ಹುಡುಕುತ್ತಿದ್ದರು.

ಅತ್ತೆಗೆ ಇನ್ನೊಂದು ಚಟ. ಜನ ಚಪ್ಪಲಿ ಬಿಡುವಾಗ ಅದರ ಮುಖ ಒಳಗಡೆ ಇರುತ್ತದಲ್ಲ? ಇವರು ಪ್ರತಿ ಜೋಡಿಯನ್ನೂ ತಿರುಗಿಸಿ, ಹೋಗುವ ದಾರಿಗೆ ಮುಖ ಮಾಡಿ ಇಡುತ್ತಾರೆ. ಹೊರಬಂದವರು ಬಗ್ಗಬೇಕಿಲ್ಲ, ಸುತ್ತಬೇಕಿಲ್ಲ, ಕಾಲು ತೂರಿಸಿ ನಡೆದರಾಯಿತು. ಮಠದಲ್ಲಿ ಸರಿ. ಮನೆಯಲ್ಲೂ ಅದೇ ಮಾಡಿದರೆ? ನಾದಿನಿಯ ಮಗಳನ್ನು ನೋಡಲು ಗಂಡಿನ ಕಡೆಯವರು ನಮ್ಮ ಮನೆಗೇ ಬಂದಿದ್ದರು. ಅವರಿನ್ನೂ ಚಹಾ ಕುಡಿಯುತ್ತಿರುವಾಗಲೇ ಅತ್ತೆ ಹನ್ನೊಂದು ಜೋಡಿಯನ್ನೂ ಗೇಟಿನ ಕಡೆಗೆ ತಿರುಗಿಸಿಟ್ಟರು! ಹೊರಗೆ ಬಂದ ಹುಡುಗನ ತಾಯಿ ನೋಡಿದರು.

"ಚಹಾ ಆರೂದ್ರಾಗ ನಮ್ಮ ಚಪ್ಪಲ್ ಹಾದಿಗಿ ಹಚ್ಚ್ಯಾರ! ನಮ್ಮನ್ನ ಕಳಸೂ ಗಡಿಬಿಡಿ ಭಾಳ ಅದ ಅನಸ್ತದ."

ಸಂಬಂಧ ಅಲ್ಲಿಗೇ ಮುರಿಯಿತು. ನಾದಿನಿ ಆರು ತಿಂಗಳು ತವರಿಗೆ ಕಾಲಿಡಲಿಲ್ಲ. ಅತ್ತೆಗೆ ಪಶ್ಚಾತ್ತಾಪ? "ಹೋಗಲಿ ಬಿಡ್ರಿ. ಹುಡುಗನ ಬೂಟು ಹೊಸಾವು, ಒಳಗ ಸಾಕ್ಸ್ ಹರದಿತ್ತು. ಮ್ಯಾಲಿಂದಷ್ಟ ಥಳಕ ಇರೋ ಮಂದಿ!"

ಕೊನೆಗೆ ನಮ್ಮವರು ಒಂದು ಉಪಾಯ ಹೂಡಿದರು. ಒಂದು ಗುರುವಾರ ಅತ್ತೆಯ ಚಪ್ಪಲಿಯನ್ನೇ ಬಚ್ಚಿಟ್ಟರು. ಅತ್ತೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ಬರಿಗಾಲಲ್ಲೇ ಹೊರಟುಬಿಟ್ಟರು! ಓಣಿಯುದ್ದಕ್ಕೂ ಕೇಳಿದವರಿಗೆಲ್ಲ "ಮಗ ಚಪ್ಪಲ್ ಕೊಡಲಿಲ್ಲವ್ವಾ" ಎಂದು ನಿಜವನ್ನೇ ಹೇಳುತ್ತ ಹೋದರು. ಸಂಜೆಯೊಳಗೆ ನಮ್ಮವರು ಮೂರು ಹೊಸ ಜೋಡಿ ತಂದಿಟ್ಟರು.

ಇಷ್ಟೆಲ್ಲ ಸೋಲುಂಡ ಮನುಷ್ಯನಿಗೆ, ನಾನು ರೊಟ್ಟಿ ಡಬ್ಬಿ ಕಟ್ಟಿಟ್ಟ ಈ ಗುರುವಾರ, ಗೆಲುವು ತಾನಾಗಿ ಬಂತು. ಅತ್ತೆಯ ಮೊಣಕಾಲು ಬಾತು ತೆಂಗಿನಕಾಯಿಯಷ್ಟಾಗಿತ್ತು. ಮಂಚದಿಂದ ಇಳಿಯಲು ಹೋಗಿ ಅಲ್ಲೇ ಕುಸಿದು ಕುಳಿತರು. ನಮ್ಮವರು ದುಃಖದ ಮುಖ ಮಾಡಿದರು, ಆದರೆ ಹುಬ್ಬುಗಳು ಮಾತ್ರ ಕುಣಿಯುತ್ತಿದ್ದವು.

"ದೇವರೇ ಸಾಕು ಅಂದಾನ ನೋಡವ್ವ! ಇವತ್ತಿನಿಂದ ಬಂದ್." ಆಮೇಲೆ ನನಗೆ, "ಅವ್ವ ಹೊಸ್ತಲಾ ದಾಟಬಾರದು. ನಿನ್ನ ಜವಾಬ್ದಾರಿ." ಕಾರು ಎಂಐಡಿಸಿ ಕಡೆ ಹೊರಟಿತು.

ಅತ್ತೆ ಗಡಿಯಾರ ನೋಡಿದರು. ಜಗಳವಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

"ಒಂದ್ ಗುರುವಾರ ತಪ್ಪಿದ್ರ ಅವಗ ಹಾದಿ ಸಿಕ್ಕಂಗ. ಮುಂದ ನನಗ ಬಿಡೂದಿಲ್ಲ," ಎಂದರು. ಮತ್ತೆ ಮೆಲ್ಲಗೆ, "ನೀ ಹೋಗ್ತೀಯೇನವಾ?"

"ನಾನ? ಅತ್ತ್ಯಾರ, ನಾ ಕಾನ್ವೆಂಟ್‌ದಾಗ ಕಲ್ತಾಕಿ..."

"ಅಲ್ಲಿ ಇಂಗ್ಲಿಷ್ ಏನ್ ಬೇಕಾಗಂಗಿಲ್ಲ."

ಮನೆಗೆಲಸದ ಹೆಂಗಸನ್ನು ಅತ್ತೆಯ ಬಳಿ ಕೂರಿಸಿ, ತಲೆ ತುಂಬ ಸೆರಗು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಕಳ್ಳಿಯ ಹಾಗೆ ಎಸ್ಟಿ ಹತ್ತಿದೆ. ಮಠದ ಹೊರಗೆ ಅತ್ತೆಯ ಮಣೆಯ ಮೇಲೆ ಕುಳಿತೆ. ಎಷ್ಟು ಬಗೆಯ ಚಪ್ಪಲಿಗಳು! ಅರಿಶಿನ ಅಂಟಿದ ಮದುಮಗಳ ಚಪ್ಪಲಿ, ಒತ್ತಿದರೆ ಕುಂಯ್ ಎನ್ನುವ ಕೂಸಿನ ಬೂಟು, ಹಿಮ್ಮಡಿ ಸವೆದು ಕಾಗದದಂತಾದ ಮುದುಕಿಯ ರಬ್ಬರ್ ಚಪ್ಪಲಿ. ನಮ್ಮ ಶಾಲೆಯ ಸಿಸ್ಟರ್‌ಗಳು ಕಲಿಸಿದ ಶಿಸ್ತು ಸುಮ್ಮನಿರುತ್ತದೆಯೇ? ಬೆಳಗಿನ ಪ್ರಾರ್ಥನೆಗೆ ನಮ್ಮನ್ನು ನಿಲ್ಲಿಸುತ್ತಿದ್ದಂತೆ ಸಣ್ಣವು ಮುಂದೆ, ದೊಡ್ಡವು ಹಿಂದೆ ಎಂದು ಅಂದವಾಗಿ ಸಾಲು ಮಾಡಿದೆ. ಬಿಲ್ಲೆಯ ನಂಬರು ನೋಡಲೇ ಇಲ್ಲ! ಅರ್ಧ ಗಂಟೆಯಲ್ಲಿ ಗದ್ದಲವೋ ಗದ್ದಲ.

"ಅಹೋ ವೈನಿ! ಇವು ನನ್ನ ಹೆಣತಿ ಚಪ್ಪಲ್ರೀ! ನಾ ಹೆಂಗ ಹಾಕ್ಕೊಳ್ಳಲಿ?"

ಕಂದಲಗಾಂವದ ರೈತರೊಬ್ಬರು ನನ್ನ ಕಷ್ಟ ನೋಡಲಾರದೆ ಕುಕ್ಕರಗಾಲಲ್ಲಿ ಕುಳಿತು ಎಲ್ಲವನ್ನೂ ನಂಬರಿಗೆ ಹಚ್ಚಿದರು. ಅವರ ಚಪ್ಪಲಿಯ ಕರಿಮಣ್ಣು ಇನ್ನೂ ಹಸಿ ಇತ್ತು.

"ಆಯಿ ಬಂದಿಲ್ಲೇನ್ರಿ ಇವತ್ತ? ಹಂಗಲ್ರಿ, ತಿರುಗಿಸಿ ಇಡ್ರಿ. ಆಯಿ ಹಂಗ ಇಡತಾರ."

ತಿರುಗಿಸಿದೆ. ಮಧ್ಯಾಹ್ನದವರೆಗೆ ತಿರುಗಿಸಿದ್ದೇ ತಿರುಗಿಸಿದ್ದು. ನಮ್ಮವರು ಬರುವ ಮೊದಲೇ ಮನೆ ಸೇರಿದೆ. ಅತ್ತೆ ಮಂಚದಲ್ಲೇ ಇದ್ದರು, ದಿಂಬಿನ ಮೇಲೆ ಕಾಲು, ಕಾಲ ಮೇಲೆ ಬಿಸಿನೀರಿನ ಚೀಲ.

"ಅತ್ತ್ಯಾರ, ಒಂದ್ ಕೇಳ್ತೀನಿ. ತಿರುಗಿಸಿ ಯಾಕ ಇಡಬೇಕ್ರಿ? ಸೊಂಟ ಬಿದ್ದು ಹೋತು!"

ಅತ್ತೆ ಚೀಲವನ್ನು ಮೊಣಕಾಲಿನ ಮೇಲೆ ಸರಿಸಿಕೊಂಡರು.

"ನಿಮ್ಮ ಮಾವ ದವಾಖಾನಿಯೊಳಗ ತೀರಿಕೊಂಡ ವರ್ಷ. ಹದಿಮೂರು ದಿನ ಆದ ಮ್ಯಾಲ ಮಠಕ್ಕ ಹೋಗಿದ್ದೆ. ಒಳಗ ಕುಂತಾಕಿ ಏಳಬಾರದು ಅಂತಿದ್ದೆ. ಮನಿಗೆ ಯಾಕ ಹೋಗಬೇಕು, ಯಾರ ಸಲುವಾಗಿ? ಹೊರಗ ಬಂದು ನೋಡಿದ್ರ ನನ್ನ ಚಪ್ಪಲ್ ಯಾರೋ ತಿರುಗಿಸಿ ಇಟ್ಟಿದ್ರು. ಹಾದಿ ಕಡಿ. ಯಾರಂತ ಇವತ್ತಿಗೂ ಗೊತ್ತಿಲ್ಲ. ಮನಿಗೆ ಹೋಗವಾ ಅಂತ ಅಂದಂಗಾತು. ಕಾಲ ಹಾಕಿದೆ, ಬಂದೆ."

ಚೀಲದ ನೀರು ಆರಿತ್ತು, ಬದಲಿಸಿ ತಂದೆ.

ಸಂಜೆ ನಮ್ಮವರು ಬಂದವರೇ ಕೇಳಿದರು: "ಅವ್ವ ಹೋಗಲಿಲ್ಲಲ್ಲ?"

"ಇಲ್ರಿ. ಮಂಚದಿಂದ ಕೆಳಗ ಕಾಲ ಇಟ್ಟಿಲ್ಲ."

"ಶಾಭಾಶ್!" ಎಂದರು. ಗೆದ್ದೆನೆಂಬ ಖುಷಿಯಲ್ಲಿ ಎರಡು ಕಪ್ ಚಹಾ ಕುಡಿದರು.

ಅಷ್ಟರಲ್ಲಿ ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಅತ್ತೆಯನ್ನು ಮಾತಾಡಿಸಿ, ಮೊಣಕಾಲಿಗೆ ಮೂರು ಬಗೆಯ ಎಣ್ಣೆ ಹೇಳಿ, ಪಡಸಾಲೆಯಲ್ಲಿ ಕುಳಿತರು. ನಾನು ಅವರು ಚಪ್ಪಲಿ ಬಿಟ್ಟಿದ್ದ ಬಾಗಿಲಿನಿಂದಲೇ ಅಂಗಳಕ್ಕೆ ಹೋಗಿ ಒಣಗಿದ ಬಟ್ಟೆ ತೆಗೆದು ಬಂದೆ. ಮೊಸರಿನ ಬಟ್ಟಲು ಕೊಟ್ಟೆ. ಅವರು ಬಾಗಿಲ ತನಕ ಹೋಗಿ, ಚಪ್ಪಲಿಗೆ ಸಲೀಸಾಗಿ ಕಾಲು ತೂರಿಸುತ್ತ ನಕ್ಕರು:

"ಅಲ್ರೀ ವೈನಿ, ಏಳಾಕ ಬರೂದಿಲ್ಲ ಅಂದ್ರಿ! ಅದ್ಯಾವಾಗ ಎದ್ದು ಬಂದು ನನ್ನ ಚಪ್ಪಲ್ ತಿರುಗಿಸಿ ಇಟ್ಟ್ರು ನೋಡ್ರಿ, ನಿಮ್ಮತ್ತಿ!"